ಮೊದಲ ಕುಂಭದ ನೀರು

ಹರಿಹರ
ಗುರುವಾರ

ನನ್ನ ವಾಣಿಗೆ,

ನಿನ್ನ ಅವ್ವನ ಆಶೀರ್ವಾದಗಳು. ನೀನೂ ಹೊಟ್ಟೆಯೊಳಗಿನ ಕೂಸೂ ಚೆನ್ನಾಗಿದ್ದೀರಿ ಎಂದು ಗೊತ್ತು. ಈಗ ಅದೇ ನನಗೆ ತಲೆನೋವಾಗಿದೆ. ಫೋನ್ ಮಾಡಿದರೆ ನಿಮ್ಮ ಮನೆಮಂದಿಯೆಲ್ಲ ಸ್ಪೀಕರ್ ಹಾಕಿಕೊಂಡು ಕೂರುತ್ತೀರಿ, ಅದಕ್ಕೇ ಕಾಗದ.

ಸೋಮವಾರದ ಕುಂಭ ಮೆರವಣಿಗೆ ನೆನೆದರೆ ಇನ್ನೂ ಮೈ ಉರಿಯುತ್ತದೆ. ನಿನ್ನ ಮಾವನವರು ಮಂಡಿಪೇಟೆಯ ಅಂಗಡಿಗೆ ಬೀಗ ಹಾಕಿ, ದಾವಣಗೆರೆಯಿಂದ ಜನ ಕರೆತಂದು, ತುಂಗಭದ್ರೆಯನ್ನು ಉಳಿಸಿ ಎಂದು ನಡೆದದ್ದು ಒಳ್ಳೆಯ ಕೆಲಸವೇ. ಹೊಳೆಗೆ ಬೀಳುವ ಚರಂಡಿ ನಿಲ್ಲಿಸಿ ಎಂಬ ಮನವಿಗೆ ನಾನೂ ಸಹಿ ಹಾಕಿದ್ದೆ. ಆದರೆ ಮೈಕಿನಲ್ಲಿ ಹೊಳೆ ವಿಷವಾಗಿದೆ ಎಂದವರು, ಅದೇ ಬಾಯಲ್ಲಿ, ಮೊದಲ ಕುಂಭ ಹೊತ್ತ ಸೊಸೆ ಎಲ್ಲರೆದುರು ತೀರ್ಥ ಕುಡಿಯುತ್ತಾಳೆ ಎಂದರು. ಏಳು ತಿಂಗಳ ಬಸುರಿ ನೀನು. ನಿನಗೆ ಆ ನೀರು ಕುಡಿಸಬೇಡಿ ಎಂದು ನಾನು ಅವರನ್ನು ಮೊದಲೇ ಬೇಡಿಕೊಂಡಿದ್ದೆ. ‘ಗಂಗವ್ವಗೆ ಎಲ್ಲಿ ಮೈಲಿಗೆ ಐತ್ರಿ ಬೀಗ್ರೆ, ಸುಮ್ನೆ ಹೆದರ್‍ಬ್ಯಾಡ್ರಿ’ ಎಂದು ನಕ್ಕುಬಿಟ್ಟರು. ಹಠ ಹಿಡಿದರೆ ಆ ಮನೆಯಲ್ಲಿ ನಿನಗೇ ಕಷ್ಟ ಎಂದು ಬಾಯಿ ಮುಚ್ಚಿಕೊಂಡೆ. ಮೆಟ್ಟಿಲು ಜಾರುತ್ತದೆ ಎಂದು ನಿನ್ನನ್ನು ಮೇಲೆ ನಿಲ್ಲಿಸಿ, ನಿನ್ನ ಕುಂಭ ಹಿಡಿದು ನಾನೇ ಹೊಳೆಗೆ ಇಳಿದೆ.

ನಿನ್ನ ಮಾವನವರೇನು ಕುಡಿದರಾ? ಕಣ್ಣಿಗೆ ಒತ್ತಿಕೊಂಡು ತಲೆಗೆ ಸವರಿಕೊಂಡರು, ಆಮೇಲೆ ಬಾಟಲಿ ನೀರು ಕೇಳಿದರು. ನೀನು ಮಾತ್ರ ಬೊಗಸೆ ತುಂಬ ಕುಡಿದೆ. ಒಂದು ಗುಟುಕು ಸಾಕಿತ್ತು, ತಾಯಿ. ಒಳ್ಳೆಯ ಸೊಸೆ ಅನ್ನಿಸಿಕೊಳ್ಳಲು ಇನ್ನೂ ಏನೇನು ಕುಡಿಯುತ್ತೀಯೋ.

ನಿನ್ನೆ ಅವರ ಫೋನ್ ಬಂತು. ‘ಸೊಸಿಗೆ ಏನಾತು ಹೇಳ್ರಿ? ಹೊಳಿ ನೀರು ಇನ್ನೂ ಚಲೋ ಐತೆ. ಮನವಿ ಈಗ ಬ್ಯಾಡ, ಮುಂದಿನ ವರ್ಷ ನೋಡಾಣ’ ಅಂದರು. ಬರುವ ಸೋಮವಾರ ಊರಿನ ಬಸುರಿಯರನ್ನೆಲ್ಲ ಹೊಳೆಗೆ ಕರೆಸಿ, ನಿನ್ನನ್ನು ಮುಂದೆ ನಿಲ್ಲಿಸಿ, ಎಲ್ಲರಿಗೂ ತೀರ್ಥ ಕುಡಿಸುತ್ತಾರಂತೆ. ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿನಗೊಬ್ಬಳಿಗೆ ಒಳ್ಳೆಯದಾಗಲಿ ಎಂದು ಮಾಡಿದ್ದು ಈಗ ಊರವರ ಕೊರಳಿಗೆ ಬಂದಿದೆ.

ಪಕ್ಕದ ಮನೆಯ ಬೀಬಿಜಾನ್ ಹತ್ತಿರ ಅತ್ತುಬಿಟ್ಟೆ. ‘ಹೇಳಿಬಿಡ್ರಿ ಅಕ್ಕ, ನನ್ ಹೆಸ್ರು ಬಂದ್ರೂ ನನಗೇನೂ ಇಲ್ಲ. ನಿಮ್ ಬೀಗರು ಸಿಟ್ಟಾದ್ರೆ ಆಗ್ಲಿ’ ಎಂದಳು. ಹೇಳಬೇಕಾದದ್ದನ್ನು ಕೆಳಗೆ ಬರೆದಿದ್ದೇನೆ. ಕೂತುಕೊಂಡು ಓದು.

ನಿನ್ನದೇ ಚಿಂತೆಯಲ್ಲಿರುವ,
ಅವ್ವ
ಶಕುಂತಲಮ್ಮ

ವಿ.ಸೂ.: ನೀನು ಕುಡಿದದ್ದು ಹೊಳೆಯ ನೀರಲ್ಲ. ಬೀಬಿಜಾನ್ ಮನೆಯ ಬೋರಿನ ನೀರನ್ನು ಕಾಯಿಸಿ, ಆರಿಸಿ, ಬೆಳಿಗ್ಗೆಯೇ ನಿನ್ನ ಕುಂಭಕ್ಕೆ ತುಂಬಿದ್ದೆ. ಹೊಳೆಯಲ್ಲಿ ತಳ ಮಾತ್ರ ತೋಯಿಸಿ ತಂದು ನಿನ್ನ ತಲೆಗೆ ಏರಿಸಿದೆ. ಇದನ್ನು ನಿನ್ನ ಮಾವನವರಿಗೆ ಓದಿ ಹೇಳು. ನಿನಗೆ ಧೈರ್ಯ ಸಾಲದಿದ್ದರೆ ಬಿಡು, ಸೋಮವಾರ ಆ ಮೈಕು ನಾನೇ ಹಿಡಿಯುತ್ತೇನೆ.