ಬಲಪ್ರೇರಿತ ಕ್ರಿಯೆ

ಹಿರಿಯೂರು
11 ಫೆಬ್ರವರಿ 2025

ಚಿರಂಜೀವಿ ಸೌಭಾಗ್ಯವತಿ ಕಾವ್ಯಳಿಗೆ ಆಶೀರ್ವಾದಗಳು.

ನಾನು ಎಂ. ಕಮಲಮ್ಮ, ಹೊಸದುರ್ಗ, ಹೊಳಲ್ಕೆರೆ ಮತ್ತು ಹಿರಿಯೂರಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ತಾಯಿ ಮಗಳಿಗೆ ಹೀಗೆ ಪರಿಚಯ ಹೇಳಿಕೊಳ್ಳುವುದು ವಿಚಿತ್ರವೆನಿಸಬಹುದು. ಪತ್ರ ಮುಗಿಯುವ ಹೊತ್ತಿಗೆ ಕಾರಣ ತಿಳಿಯುತ್ತದೆ.

ನಿನ್ನ ಗಂಡ ಮಂಜುನಾಥನ ಪಟಾಕಿ ಘಟಕದಲ್ಲಿ ಸ್ಫೋಟವಾಗಿ, ಅಲ್ಲಿ ಮದ್ದು ಅರೆಯುತ್ತಿದ್ದ ಮಲ್ಲಕ್ಕ ತೀರಿಕೊಂಡಳಲ್ಲ. ಅದರ ಬಗ್ಗೆ ಪ್ರಯೋಗಾಲಯದಿಂದ ಬಂದ ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ತರುವ ಕೆಲಸವನ್ನು ತನಿಖಾಧಿಕಾರಿಗಳು ನನಗೆ ವಹಿಸಿದರು. ಅವನು ನನ್ನ ಅಳಿಯನೆಂದು ಮೊದಲೇ ತಿಳಿಸಿದೆ. "ನಿಮ್ಮ ಮೇಲೆ ನಂಬಿಕೆ ಐತೆ, ಮೇಡಂ" ಎಂದರು.

ಭಾನುವಾರ ನೀನು ಬಂದು, ಮಜ್ಜಿಗೆಯ ಲೋಟವನ್ನು ಮುಟ್ಟದೆ ಹೇಳಿದ್ದು ಒಂದೇ ಮಾತು: "ಅಮ್ಮ, ಒಂದ್ ಪದ ತಾನೆ? ಬೆಂಕಿ ತಗುಲಿ ಅಂತ ಬರಿ, ಸಾಕು."

ಶಾಖದಿಂದ, ಬೆಳಕಿನಿಂದ, ವಿದ್ಯುತ್ತಿನಿಂದ ರಾಸಾಯನಿಕ ಕ್ರಿಯೆ ನಡೆಯುವಂತೆ ಅರೆಯುವ, ಗುದ್ದುವ ಬಲದಿಂದಲೂ ನಡೆಯುತ್ತದೆ. ವಿಜ್ಞಾನದ ಪದಗಳಿಗೆ ಕನ್ನಡ ರೂಪ ಕೊಡಲು ನಾನೂ ಕೂತಿದ್ದ ಪರಿಭಾಷಾ ಸಮಿತಿಯಲ್ಲಿ ಕೆಲವರು ಅದನ್ನು ಯಾಂತ್ರಿಕ ರಸಾಯನ ಕ್ರಿಯೆ ಎನ್ನೋಣವೆಂದರು. ಓದಿದವರು ಯಂತ್ರವನ್ನು ಹುಡುಕಿಯಾರೆಂದು ನಾನು ವಾದಿಸಿದೆ. ಅರೆಯುವ ಕಲ್ಲೂ ಅದನ್ನು ಹಿಡಿದ ಕೈಯೂ ಇದ್ದರೆ ಸಾಕಲ್ಲ? ಕೊನೆಗೆ ಬಲಪ್ರೇರಿತ ಕ್ರಿಯೆ ಎಂಬುದೇ ಉಳಿಯಿತು. ಸ್ಫೋಟಕ್ಕೆ ವರದಿ ಕೊಡುವ ಕಾರಣವೂ ಅದೇ. ಹೊರಗಿನ ಬೆಂಕಿಯ ಸುಳಿವೇ ಅಲ್ಲಿಲ್ಲ.

ಆದರೆ ಮಂಜುನಾಥ, ಮಲ್ಲಕ್ಕ ಸೆರಗಿನಲ್ಲಿ ಬೆಂಕಿಪೊಟ್ಟಣ ಕಟ್ಟಿಕೊಂಡು ಒಳಗೆ ಹೋದಳೆಂದು ಬರೆದುಕೊಟ್ಟಿದ್ದಾನೆ. ಅವಳ ಊರು ಯಲ್ಲದಕೆರೆಯಲ್ಲಿ ಈಗ ಎಲ್ಲರ ಬಾಯಲ್ಲೂ ಅದೇ. ಅವಳ ಗಂಡ ಜುಂಜಯ್ಯ ಕುರಿ ಹೊಡೆದುಕೊಂಡು ಹೋಗುವಾಗ ಜನರ ಮುಖ ನೋಡುವುದನ್ನೂ ಬಿಟ್ಟಿದ್ದಾನೆ.

ಘಟಕದ ಕಟ್ಟಳೆ ನಿನಗೂ ಗೊತ್ತು. ಹೆಂಗಸರು ಬಳೆ ಕಳಚಿ, ಬೆಂಕಿಪೊಟ್ಟಣವಿದ್ದರೆ ಅದರ ಜೊತೆಗೆ ಗಂಟು ಕಟ್ಟಿ, ಗೇಟಿನ ಡಬ್ಬಿಯಲ್ಲಿಟ್ಟೇ ಒಳಗೆ ಹೋಗಬೇಕು. ಮದ್ದಿನ ಎರಡು ಪುಡಿಗಳನ್ನು ಎರಡು ಕಲ್ಲುಗಳಲ್ಲಿ ಬೇರೆಬೇರೆಯಾಗಿ ಅರೆಯಬೇಕು. ಅವಳು ಸಾಯುವ ಮುನ್ನ ಆಸ್ಪತ್ರೆಗೆ ಗಂಜಿ ಕೊಟ್ಟು ನನ್ನನ್ನು ಕಳಿಸಿದವಳು ನೀನೇ. ಅದನ್ನು ಕುಡಿಯಲಾಗದ ಮಲ್ಲಕ್ಕ ನನಗೆ ಹೇಳಿದಳು: "ಬೆಂಕಿ ಎಲ್ಲೂ ಇರಲಿಲ್ಲ ಕಣ್ರಿ ಅಕ್ಕೋರೆ. ಲಾರಿ ಬಂದೈತೆ, ಎರಡೂ ಒಟ್ಟಿಗೆ ಅರಿ ಅಂದ್ರು ಸಾವ್ಕಾರ್ರು. ಅರಿದೆ."

ಅವಳ ಗಂಟು ಗೇಟಿನಲ್ಲಿ ಇರಲೇ ಇಲ್ಲವೆನ್ನುತ್ತಾನೆ ಮಂಜುನಾಥ. ಜುಂಜಯ್ಯನಿಗೆ ಬಳೆಗಳೂ ಸಿಕ್ಕಿಲ್ಲ.

ನಿನ್ನ ಸಂಸಾರ ಏನಾಗುತ್ತದೆಂದು ಯೋಚಿಸದೆ ಬರೆಯುತ್ತಿಲ್ಲ, ಮಗಳೇ. ಯೋಚಿಸಿದ ಮೇಲೂ ಪದ ಬದಲಾಗಲಿಲ್ಲ. ತವರಿನ ಬಾಗಿಲು ನಿನಗೆ ಎಂದಿನಂತೆಯೇ ಇದೆ. ನೀನು ಬರುವೆಯೋ ಇಲ್ಲವೋ ಅರಿಯೆ.

ನಿನ್ನ ತಾಯಿ,
ಎಂ. ಕಮಲಮ್ಮ

ಮರೆತ ಮಾತು: ನಿನ್ನ ಕೈಯಲ್ಲಿರುವುದು ನಕಲು. ಮೂಲಪತ್ರವನ್ನು ನನ್ನ ಹೇಳಿಕೆಯೆಂದು ಬೆಳಿಗ್ಗೆಯೇ ತನಿಖಾಧಿಕಾರಿಗಳಿಗೆ ಕೊಟ್ಟು ಬಂದೆ. ಅದರೊಂದಿಗೆ ಲಗತ್ತಿಸಿದವು: ವರದಿಯ ಕನ್ನಡ ಅನುವಾದ, ಪರಿಭಾಷಾ ಕೋಶದ ಸಂಬಂಧಿತ ಪುಟ, ಗೇಟಿನ ಡಬ್ಬಿಯಲ್ಲಿ ಬಳೆ, ಬೆಂಕಿಪೊಟ್ಟಣಗಳಿದ್ದ ಮಲ್ಲಕ್ಕನ ಗಂಟಿನ ಚಿತ್ರ. ಸ್ಫೋಟವಾದ ದಿನ, ಈ ಗಂಟನ್ನು ಅವಳ ಮನೆಗೆ ಹೇಗೆ ಮುಟ್ಟಿಸಲಿ ಎಂದು ಅಳುತ್ತಾ ನೀನೇ ಫೋನಿನಲ್ಲಿ ತೆಗೆದು ನನಗೆ ಕಳಿಸಿದ ಚಿತ್ರವದು.