ಲಿಫ್ಟಿನಲ್ಲಿ ಸಿಕ್ಕಿಕೊಂಡ ಸಂಧಾನ

ಅಕ್ಕಾ, ನನ್ನ ಕೆಮ್ಮು ಪೂರ್ತಿ ಬಿಟ್ಟಿದೆ, ಯೋಚಿಸಬೇಡ.

ನಾನು ಲಿಫ್ಟ್ ರಿಪೇರಿ ಮಾಡುವ ಹೋಟೆಲಿನಲ್ಲೇ ಈಗ ಸಂಧಾನ ನಡೆಯುತ್ತಿದೆ. ಯುದ್ಧಕ್ಕಿಳಿದ ಎರಡು ಕಡೆಯವರೂ ಮುಖ ಕೊಟ್ಟು ಮಾತಾಡುವುದಿಲ್ಲ. ಬೇರೆ ಬೇರೆ ಮಹಡಿಯಲ್ಲಿ ಕೂತಿದ್ದಾರೆ. ದೊಡ್ಡ ದೇಶದ ರಾಯಭಾರಿಯೊಬ್ಬರು ಮಧ್ಯೆ ಓಡಾಡಿ ಇವರ ಮಾತನ್ನು ಅವರಿಗೆ ಮುಟ್ಟಿಸುತ್ತಾರೆ. ರಾಜಿಯಾಗದೆ ಗಡಿ ರಸ್ತೆ ತೆರೆಯುವುದಿಲ್ಲ, ನಾನು ಊರಿಗೆ ಬರುವಂತಿಲ್ಲ.

ನಿನ್ನೆ ಕರೆಂಟ್ ಹೋಗಿ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು. ಒಳಗೆ ಎರಡೂ ಕಡೆಯ ಮುಖಂಡರು! ಅವಸರದಲ್ಲಿ ಒಂದೇ ಲಿಫ್ಟ್ ಹತ್ತಿದ್ದರಂತೆ. ಏನು ಅನಾಹುತವಾಗಿದೆಯೋ ಎಂದು ಹೆದರುತ್ತಲೇ ಬಾಗಿಲು ಮೀಟಿ ತೆಗೆದರೆ, ಇಬ್ಬರೂ ನೆಲದ ಮೇಲೆ ಕೂತು ಮಂಡಿನೋವಿನ ಕಷ್ಟ ಹೇಳಿಕೊಳ್ಳುತ್ತಿದ್ದರು.

“ಗಡಿ ರಸ್ತೆ ಬಿಟ್ಬಿಡೋಣ, ಜನ ಓಡಾಡ್ಲಿ,” ಅಂದರು ಒಬ್ಬರು. “ಆಗ್ಲಿ, ನಾಳೇನೇ ಬಿಡೋಣ,” ಅಂದರು ಇನ್ನೊಬ್ಬರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ರಾಯಭಾರಿ ಓಡಿ ಬಂದರು. “ನಾನಿಲ್ದೆ ನೀವಿಬ್ರೇ ಹೇಗೆ ಮಾತಾಡಿದ್ರಿ?” ಎಂದು ರೇಗಿದರು. ಇಬ್ಬರೂ ತೆಪ್ಪಗೆ ಎದ್ದು, ಬಟ್ಟೆ ಕೊಡವಿಕೊಂಡು ತಮ್ಮ ತಮ್ಮ ಮಹಡಿಗೆ ಹೋದರು. ಸಂಜೆ ಕೇಳಿದರೆ ಮಾತುಕತೆ ಮುರಿದುಬಿದ್ದಿದೆಯಂತೆ. ಮ್ಯಾನೇಜರ್ ಮಾತ್ರ “ಎಷ್ಟು ಬೇಗ ಬಾಗಿಲು ತೆಗೆದ್ಬಿಟ್ಟೆ, ಭೇಷ್!” ಎಂದು ಬೆನ್ನು ತಟ್ಟಿದರು. ತೆಗೆಯದೇ ಇದ್ದಿದ್ದರೆ ಊರಿಗೆ ಬರುತ್ತಿದ್ದೆನೋ ಏನೋ, ಒಂದೂ ತಿಳಿಯುತ್ತಿಲ್ಲ. ಕಾರ್ಡು ತುಂಬಿತು.

ನಿನ್ನ ತಮ್ಮ