ಹೊಸ್ತಿಲಿಗಿಟ್ಟ ಬನ್ನಿ

ಮಾಸೂರು
24-10-2024

ಪೂಜಾಳ ಅಪ್ಪನಿಗೆ ವಾಣಿಶ್ರೀಯ ನಮಸ್ಕಾರ.

ಆರೋಗ್ಯ ಹೇಗಿದೆ? ಪುಣೆಯ ಗೋದಾಮಿನ ಊಟ ಮೈಗೆ ಹತ್ತುತ್ತಿದೆಯೇ? ಹತ್ತಲಿ, ಇವತ್ತು ನನ್ನಿಂದ ಬೈಸಿಕೊಳ್ಳಲು ನಿಮಗೆ ಕಸುವು ಬೇಕು. ಫೋನಿನಲ್ಲಾದರೆ ನನ್ನ ದನಿ ಏರಿದೊಡನೆ ಕಟ್ ಮಾಡುತ್ತೀರಿ. ಅದಕ್ಕೇ ನಿಮ್ಮ ಕಡೆ ಹೊರಟ ನಮ್ಮ ಓಣಿಯ ಜಗದೀಶನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಿಮ್ಮ ಮಗಳು ಈಗ ಗೆಳತಿಯರನ್ನೆಲ್ಲ ಒಂದೇ ಮಾತು ಕೇಳುತ್ತಾಳೆ: "ನಾ ನಿಮಗ ಬ್ಯಾಸರ ಮಾಡಾಕತ್ತೇನೇನು?" ಆಟದ ನಡುವೆ ನಿಂತು ಕೇಳುತ್ತಾಳೆ, ಊಟದ ಡಬ್ಬಿ ಬಿಚ್ಚುವ ಮೊದಲು ಕೇಳುತ್ತಾಳೆ. ಮೂರನೇ ಇಯತ್ತೆಯ ಕೂಸಿಗೆ ಈ ಮಾತು ಕಲಿಸಿದವರು ಯಾರು? ನೀವು. ಅವಳು ಸಂಜೆ ಆಸೆಪಟ್ಟು ಫೋನ್ ಮಾಡಿದಾಗಲೆಲ್ಲ "ಎಷ್ಟ್ ತಲಿ ತಿಂತೀಯವಾ, ಇಡು" ಎನ್ನುತ್ತೀರಲ್ಲ! ದಣಿದಿರುತ್ತೀರಿ, ಗೊತ್ತು. ನಾನೇನು ಇಲ್ಲಿ ಕಾಲು ಚಾಚಿ ಕೂತಿದ್ದೇನೆಯೇ?

ಬನ್ನಿ ಹಬ್ಬದ ಸಂಜೆ ಹೊಸ ಲಂಗ ತೊಟ್ಟು, ತನ್ನ ಜೀವದ ಗೆಳತಿ ಶೈಲಾಳಿಗೆ ಬನ್ನಿ ಕೊಡಲು ಹೋದಳು. ಒಳಗೆ ನೆಂಟರು ಮಾತಾಡುತ್ತಿದ್ದರಂತೆ. ಕರೆದರೆ ಎಲ್ಲಿ ಬೇಸರವಾಗುವುದೋ ಎಂದು ಎಲೆಗಳನ್ನು ಹೊಸ್ತಿಲ ಮೇಲಿಟ್ಟು ಓಡಿಬಂದಿದ್ದಾಳೆ. ಕೈಗೆ ಕೊಟ್ಟು "ಬಂಗಾರದಂಗ ಇರೋಣ" ಎನ್ನಬೇಕಾದ ಬನ್ನಿಯನ್ನು ಯಾರಾದರೂ ಹಾಗೆ ಇಟ್ಟು ಬರುತ್ತಾರೆಯೇ? ಅವಳು ಓಡುವುದನ್ನು ಕಂಡ ಶೈಲಾಳ ಅಜ್ಜಿ ಹೊಳೆವ್ವ ನಮ್ಮ ಬಾಗಿಲಿಗೇ ಬಂದಳು. "ಕೈಯಾಗ ಕೊಡಾಕೂ ಆಗದಂಥಾ ಮಂದಿ ಆದ್ವೇನ ನಾವು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದಳು. ನಾನೂ ಬಿಡಲಿಲ್ಲ, ಸರಿಯಾಗಿ ಅಂದೆ. ಈಗ ಶೈಲಾ ಮಾತು ಬಿಟ್ಟಿದ್ದಾಳೆ. ಪೂಜಾ ಅಳಲೂ ಇಲ್ಲ. "ನಾ ಎಲ್ಲಾರಿಗೂ ಬ್ಯಾಸರ ಮಾಡ್ತೇನಿ, ನನಗ ಗೊತ್ತಿತ್ತು" ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊಳೆವ್ವನ ಮೇಲಲ್ಲ, ನಿಮ್ಮ ಮೇಲೆ.

ನಿಮ್ಮವ್ವ ಆಶೀರ್ವಾದ ಹೇಳಿದ್ದಾರೆ. ನನ್ನ ಕಡೆಯಿಂದ ಹೇಳಲು ಒಳ್ಳೆಯದೇನೂ ಇಲ್ಲ.

ವಾಣಿಶ್ರೀ
('ನಿಮ್ಮ' ಎಂದು ಈ ಸಲ ಬರೆಯುವುದಿಲ್ಲ.)

ತಾ.ಕ.: ಪೂಜಾಗೆ ನಿನ್ನೆಯಿಂದ ಜ್ವರ. ಶಾಲೆಯಲ್ಲಿ ಮೈ ಸುಡುತ್ತಿದ್ದರೂ ಸಂಜೆಯ ತನಕ ಯಾರಿಗೂ ಹೇಳದೆ ಕೂತಿದ್ದಳು. ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ, ಹೆದರುವಂಥದ್ದೇನೂ ಇಲ್ಲವಂತೆ. ನಿಮಗೆ ಫೋನ್ ಹಚ್ಚಲು ಹೋದರೆ ನನ್ನ ಕೈ ಹಿಡಿದುಕೊಂಡಳು: "ಅಪ್ಪಗ ಹೇಳಬ್ಯಾಡವ್ವಾ, ಬ್ಯಾಸರ ಮಾಡ್ಕೋತಾನ." ಇದು ಮುಟ್ಟಿದ ಕೂಡಲೇ ನೀವಾಗಿಯೇ ಫೋನ್ ಮಾಡಿ. ಅವಳು ಏನು ಹೇಳಿದರೂ ಕೇಳಿ. ಅವಳು ಇಡುವ ತನಕ ನೀವು ಇಡಬೇಡಿ.